ಎಣ್ಣೆಯಲ್ಲಿ ಮುಳುಗಿದ ಬಾಣ

ಹೊಸದಾಗಿ ಕೆತ್ತಿದ ಮರದ ಬಾಣಕ್ಕೆ ಮಳೆಯೆಂದರೆ ಜೀವಭಯ. ನೆನೆದರೆ ಡೊಂಕಾಗುತ್ತೇನೆ, ಡೊಂಕಾದರೆ ಒಲೆ ಸೇರುತ್ತೇನೆ ಎಂಬ ಚಿಂತೆ ಅದಕ್ಕೆ. "ಮೈಗೆ ಅರಗು ಒಳ್ಳೆಯದೋ, ಎಣ್ಣೆಯೋ?" ಎಂದು ಬತ್ತಳಿಕೆಯ ಹಳೆಯ ಬಾಣವನ್ನು ಕೇಳಿತು.

"ಯಾವುದಾದರೂ ಸರಿ. ಬಾಲದ ಹತ್ತಿರ ನಾಲ್ಕು ಬೆರಳಿನಷ್ಟು ಮಾತ್ರ ಬರಿದಾಗಿ ಬಿಡು. ಅಲ್ಲಿ ಕೂರುವವರು ಬರುತ್ತಾರೆ."

"ಅವರಿಗಿಂತ ಮೊದಲು ನೀರು ಬಂದರೆ?" ಎಂದು ಹೊಸ ಬಾಣ ನಕ್ಕು, ಮೊನೆಯಿಂದ ಬಾಲದವರೆಗೂ ಅಗಸೆ ಎಣ್ಣೆಯಲ್ಲಿ ಮುಳುಗೆದ್ದಿತು.

ಮರುದಿನ ಗರಿಗಳು ಅಂಟು ಬಳಿದುಕೊಂಡು ಬಂದವು. ಬಾಲದ ಮೇಲೆ ಕೂತವು, ಜಾರಿದವು. ಮತ್ತೆ ಕೂತವು, ಮತ್ತೆ ಜಾರಿದವು. "ನಿನ್ನ ಮೈಮೇಲೆ ನಮಗೆ ಜಾಗವೇ ಇಲ್ಲವಲ್ಲ ಮಾರಾಯ," ಎಂದು ಹೊರಟು ನಿಂತವು.

ಗರಿಯಿಲ್ಲದ ಬಾಣ ನೆಟ್ಟಗೆ ಹಾರುವುದುಂಟೇ? ಅದು ಗಾಬರಿಯಿಂದ ಮೂಲೆಯಲ್ಲಿದ್ದ ಚಾಕುವನ್ನು ಕೂಗಿತು: "ಬಾರಣ್ಣ, ನನ್ನ ಬಾಲದ ಎಣ್ಣೆ ಕೆರೆದು ಹಾಕು! ಬರೀ ಮರ ಕಾಣುವವರೆಗೂ ಕೆರೆ!"