ತಾಯಿಗೆ ಗುರುತು ಸಿಗದ ಮರಿಗಳು

ಕಡಲಿಗೆ ಇನ್ನೂ ಉಪ್ಪು ಸರಿಯಾಗಿ ಹಿಡಿದಿರಲಿಲ್ಲ, ಅಲೆಗಳಿಗೆ ದಡ ಯಾವ ಕಡೆ ಅಂತ ತಿಳಿದಿರಲಿಲ್ಲ. ಅಷ್ಟು ಹಿಂದಿನ ಮಾತು ಪುಟ್ಟಿ. ಈ ಮೀನಿನ ತೊಟ್ಟಿ ಮುಂದೆ ಸುಮ್ಮನೆ ಕೂತು ಕೇಳು, ನಡುವೆ ಬಾಯಿ ಹಾಕಬೇಡ.

ಆಗ ಈ ತೊಟ್ಟಿಯಲ್ಲಿರುವ ಜೋಡಿಯಂಥ ಏಂಜಲ್ ಮೀನುಗಳು ಹವಳದ ಬಂಡೆಯ ಸಂದಿನಲ್ಲೇ ಮೊಟ್ಟೆ ಇಟ್ಟು, ಮರಿಗಳನ್ನು ಪಕ್ಕದಲ್ಲೇ ಸಾಕಿಕೊಳ್ಳುತ್ತಿದ್ದವು. ಮರಿಗಳ ಮೈಮೇಲೂ ಅಪ್ಪನ ಹಾಗೇ ಹಳದಿ ಪಟ್ಟೆ. ಅವುಗಳಲ್ಲಿ ಬಂಗಾರಿ ಅನ್ನೋ ತಾಯಿಗೆ ಅದೇ ಹೆಮ್ಮೆ. "ನೋಡಿ, ಥೇಟ್ ಅಪ್ಪನ ಅಚ್ಚು" ಅಂತ ಹೋಗೋ ಬರೋ ಏಡಿಗೆಲ್ಲ ಹೇಳುವಳು.

ಅಪ್ಪನ ಹೆಸರು ಪಟ್ಟೆರಾಯ. ಒಳ್ಳೆಯವನೇ, ಆದರೆ ಮೂಗಿನ ತುದಿಯಲ್ಲೇ ಕೋಪ. ತನ್ನ ಬಂಡೆಯ ಹತ್ತಿರ ಇನ್ನೊಂದು ಹಳದಿ ಪಟ್ಟೆ ಕಂಡರೆ ಸಾಕು, ಹಿಂದೆ ಮುಂದೆ ನೋಡದೆ ನುಗ್ಗುವನು. ಆ ಜಾತಿಯೇ ಹಾಗೆ, ಏನು ಮಾಡೋದು.

ಒಂದು ಸಂಜೆ ಮರಿಯೊಂದು ಆಟ ಮುಗಿಸಿ ಮನೆಗೆ ಬಂತು. ನೀರಲ್ಲಿ ಬೆಳಕು ಕಮ್ಮಿಯಾಗಿತ್ತು. ಪಟ್ಟೆರಾಯನಿಗೆ ಕಂಡದ್ದು ಪಟ್ಟೆ ಮಾತ್ರ. ಯಾವನೋ ಜಾಗ ಕಸಿಯಲು ಬಂದ ಅಂತ ನುಗ್ಗಿ, ಕೆನ್ನೆಯ ಮುಳ್ಳಿನಿಂದ ತಿವಿದುಬಿಟ್ಟ.

"ಅಪ್ಪಾ, ನಾನು" ಅಂದಿತು ಮರಿ. ಅಷ್ಟರಲ್ಲಿ ಅದರ ಜೀವ ಹೋಯಿತು.

ಬಂಗಾರಿ ಗಂಡನನ್ನು ಬೈಯಲಿಲ್ಲ. ಬೈದರೆ ಮರಿ ಬರುತ್ತದೆಯೇ? ಅವನೂ ಮೂಲೆ ಹಿಡಿದು ಕೂತಿದ್ದ, ಮೇವು ಮುಟ್ಟಿರಲಿಲ್ಲ. ಅವಳು ಕಡಲಮ್ಮನ ಹತ್ತಿರ ಹೋಗಿ ಅತ್ತಳು.

"ಅಮ್ಮಾ, ನನ್ನ ಮಕ್ಕಳು ನನ್ನ ಮನೆಯಲ್ಲಿ ಬದುಕಲ್ಲ. ನೀನೇ ಸಾಕಿಕೊಡು."

"ಸಾಕುತ್ತೇನೆ ಮಗಳೇ. ಹೊತ್ತು ಮುಳುಗುವಾಗ ಇಬ್ಬರೂ ಮೇಲೆ ಬಂದು ಮೊಟ್ಟೆಗಳನ್ನು ನನ್ನ ಕೈಗೆ ಬಿಡಿ. ದೂರ ಒಯ್ದು, ತೇಲಿಸಿ ಬೆಳೆಸುತ್ತೇನೆ. ಆದರೆ ಮರಿಗಳಿಗೆ ಪಟ್ಟೆ ಕೊಡುವುದಿಲ್ಲ. ಕಡುನೀಲಿ ಮೈಗೆ ಬಳೆ ಬಳೆಯಾಗಿ ಬಿಳಿ ಗೆರೆ ಬರೆಯುತ್ತೇನೆ. ಅಪ್ಪನ ಮುಂದೆಯೇ ಹಾದುಹೋದರೂ ಅವನು ಹೊಡೆಯುವುದಿಲ್ಲ. ನಿನಗೂ ಗುರುತು ಸಿಗುವುದಿಲ್ಲ ಮತ್ತೆ. ಆಗಬಹುದೇ?"

ಬಂಗಾರಿ ಒಮ್ಮೆ ತನ್ನ ಬಂಡೆಯ ಕಡೆ ತಿರುಗಿ ನೋಡಿದಳು.

"ಸಿಗದಿದ್ದರೆ ಬೇಡಮ್ಮ. ಬದುಕಲಿ" ಅಂದಳು.

ಅಂದಿನಿಂದ ಮರಿಗಳು ಬೇರೆ ಬಣ್ಣದಲ್ಲಿ ಬೆಳೆಯುತ್ತವೆ. ದೊಡ್ಡವಾಗಿ, ಬಳೆ ಮಾಸಿ ಪಟ್ಟೆ ಮೂಡುವ ಹೊತ್ತಿಗೆ ಯಾವುದು ಯಾರ ಮಗು ಅಂತ ಯಾರಿಗೂ ತಿಳಿಯದು.

ನಿಮ್ಮ ಚಿಕ್ಕಪ್ಪ ಸಂಜೆ ತೊಟ್ಟಿಯ ದೀಪ ಮಂಕು ಮಾಡಿದಾಗ ಈ ಏಂಜಲ್ ಮೀನುಗಳೆರಡೂ ಜೊತೆಯಾಗಿ ಮೇಲೇರಿ, ಮೊಟ್ಟೆ ಬಿಟ್ಟು, ನೆಮ್ಮದಿಯಿಂದ ಕೆಳಗಿಳಿಯುವುದು ಅದಕ್ಕೇ. ಆ ಮೊಟ್ಟೆ ಎಲ್ಲಿ ಹೋದವು ಅಂತ ಕೇಳ್ತೀಯಾ? ಇಲ್ಲಿ ಒಯ್ಯಲು ಕಡಲಮ್ಮ ಇಲ್ಲ ಕೂಸೇ. ನೀರು ಸೋಸುವ ಪಂಪು ಎಲ್ಲವನ್ನೂ ಎಳೆದುಕೊಂಡುಬಿಡುತ್ತದೆ. ತೊಟ್ಟಿಯ ಈ ತಾಯಿಗೆ ಅದು ಗೊತ್ತಿಲ್ಲ. ನನ್ನ ಮಕ್ಕಳು ಎಲ್ಲೋ ಚೆನ್ನಾಗಿದ್ದಾರೆ ಅಂದುಕೊಂಡೇ ನಾಳೆ ಸಂಜೆಯೂ ಹೀಗೇ ಮೇಲೆ ಬರುತ್ತಾಳೆ.