ಪೀಡೆ ಎಂಬ ಖಾನೆ

ಶಿಷ್ಯ ಕೇಳಿದ: "ಗುರುಗಳೇ, ನಾನು ಮನೆ ಬಿಟ್ಟು ಮಠಕ್ಕೆ ಬಂದು ಎರಡು ವರ್ಷವಾಯಿತು. ನನ್ನ ಅಣ್ಣ ಒಂದು ದಿನವೂ ಈ ಕಡೆ ತಲೆ ಹಾಕಲಿಲ್ಲ. ಒಡಹುಟ್ಟಿದವರ ಮನಸ್ಸು ಇಷ್ಟು ಕಲ್ಲಾಗುತ್ತದೆಯೇ?"

ಗುರುಗಳು ಹೇಳಿದರು:

ಸೀರೆ ಮಾರುವ ಹೆಂಗಸೊಬ್ಬಳಿದ್ದಳು. ಬಾಯಿ ಜೋರು, ವ್ಯಾಪಾರವೂ ಜೋರು. ಗಿರಾಕಿಗಳು ಇಮೇಲ್ ಬರೆಯುವರು, ಇವಳು ಸೀರೆ ಕಳಿಸುವಳು. ಅವರಲ್ಲಿ ಅರ್ಧ ಜನ ಅವಳ ತವರೂರು ಕಡೂರಿನವರೇ.

ಬರಬರುತ್ತಾ ವ್ಯಾಪಾರ ಸೊರಗಿತು. ಒಂದು ಮದುವೆಯಲ್ಲಿ ಕಡೂರಿನ ಹಳೆಯ ಗಿರಾಕಿಯೊಬ್ಬಳು ಎದುರಾದಳು. "ಬರೆದು ಬರೆದು ಕೈ ಸೋತಿತಲ್ಲೇ ತಾಯಿ! ಉತ್ತರ ಕೊಡೋಕೂ ಆಗದಷ್ಟು ದೊಡ್ಡವಳಾದೆಯಾ?" ಎಂದು ಪಂಕ್ತಿಯಲ್ಲೇ ಕೇಳಿದಳು. ಎಲೆಯ ಮುಂದೆ ಕೂತಿದ್ದವರೆಲ್ಲ ಕತ್ತು ತಿರುಗಿಸಿದರು. ಇವಳು ಎಲೆ ಬಿಟ್ಟು ಎದ್ದಳು.

ಮನೆಗೆ ಬಂದವಳೇ ಇನ್‌ಬಾಕ್ಸ್ ಜಾಲಾಡಿದಳು. ಸ್ಪ್ಯಾಮಿನಲ್ಲಿ ಇಲ್ಲ. ಕಸದ ಬುಟ್ಟಿಯಲ್ಲೂ ಇಲ್ಲ. ಜಾಗ ತುಂಬಿದೆಯೇ ಎಂದರೆ ಅದೂ ಇಲ್ಲ. ಪಾಸ್‌ವರ್ಡ್ ಬದಲಾಯಿಸಿದರೂ ಕಡೂರಿನಿಂದ ಒಂದಕ್ಷರ ಬರಲಿಲ್ಲ.

ಹಾಗಾದರೆ ಅಳಿಸುವವರು ಯಾರು? ಆ ಕಂಪ್ಯೂಟರನ್ನು ಮುಟ್ಟುವ ಇನ್ನೊಂದು ಕೈ ಸೊಸೆಯದು. ಸೊಸೆ ಬಂದು ಆರು ತಿಂಗಳೂ ಆಗಿರಲಿಲ್ಲ. ಅತ್ತೆ ನಲ್ಲಿಯ ಹತ್ತಿರ ನಿಂತು ಬೀದಿಗೆಲ್ಲ ಸಾರಿದಳು: "ನಮ್ಮ ತಾರೆ ಸಾಮಾನ್ಯಳಲ್ಲ ಕಣ್ರೇ. ನನ್ನ ವ್ಯಾಪಾರ ಮುಳುಗಿಸೋಕೇ ಕಾಲಿಟ್ಟಿದ್ದಾಳೆ."

ತಾರೆ ಅಳಲಿಲ್ಲ. "ಅತ್ತೆ, ಬೀದಿಯವರ ಮುಂದೆ ಹೇಳಿದ್ದೀರಿ, ಬೀದಿಯವರ ಮುಂದೆಯೇ ಹುಡುಕೋಣ. ನನ್ನ ತಪ್ಪು ಕಂಡರೆ ಇವತ್ತೇ ಪೆಟ್ಟಿಗೆ ಕಟ್ಟುತ್ತೇನೆ," ಎಂದಳು.

ಅಂಥದ್ದನ್ನು ನೋಡದೆ ಬಿಡುವವರುಂಟೇ? ಒಲೆಯ ಮೇಲಿನ ಹಾಲು ಬಿಟ್ಟು ಬಂದವರೂ ಇದ್ದರು.

ತಾರೆ ಕಡೂರು ಎಂಬ ಹೆಸರು ಹಾಕಿ ಎಲ್ಲ ಖಾನೆಗಳಲ್ಲೂ ಹುಡುಕಿದಳು. ಕಾಣೆಯಾದದ್ದೆಲ್ಲ ಒಟ್ಟಿಗೆ ಎದ್ದು ಬಂತು. ಒಂದೂ ಅಳಿದಿರಲಿಲ್ಲ. ಎಲ್ಲವೂ ಕೆಳಗಿನ ಮೂಲೆಯ ಒಂದು ಖಾನೆಯಲ್ಲಿ ಕೂತಿದ್ದವು. ಖಾನೆಯ ಹೆಸರು 'ಪೀಡೆ'. ಕಡೂರು ಎಂಬ ಹೆಸರಿರುವ ಯಾವ ಇಮೇಲನ್ನೂ ನನ್ನ ಕಣ್ಣಿಗೆ ತೋರಿಸಬೇಡ, ಪೀಡೆಗೆ ಹಾಕು ಎಂದು ಯಾರೋ ಯಂತ್ರಕ್ಕೆ ಅಪ್ಪಣೆ ಕೊಟ್ಟಿದ್ದರು. ಅಲ್ಲಿದ್ದ ಮೊದಲ ಇಮೇಲಿನ ತಾರೀಕು ಹಿಂದಿನ ವರ್ಷದ ಗೌರಿಹಬ್ಬದ್ದು.

"ಆಗ ನಾನು ಈ ಮನೆಯ ಹೊಸ್ತಿಲೇ ಕಂಡಿರಲಿಲ್ಲವಲ್ಲ ಅತ್ತೆ," ಎಂದಳು ತಾರೆ.

ಹೆಂಗಸಿನ ಮುಖ ಬಿಳುಪೇರಿತು. ಆ ಗೌರಿಹಬ್ಬಕ್ಕೆ ಕಡೂರಿನಿಂದ ಅವಳ ತಮ್ಮ ಕಳಿಸಿದ ಬಾಗಿನದಲ್ಲಿ ಉಟ್ಟು ಮಾಸಿದ ಸೀರೆ ಇತ್ತು. ಸೀರೆ ಮಾರುವವಳಿಗೆ ಹಳೆ ಸೀರೆ! ಮೊರ ಎತ್ತಿ ಬೀದಿಗೆಲ್ಲ ತೋರಿಸಿ ಅವನ ಮಾನ ಕಳೆದಿದ್ದಳು. ಅವನ ಫೋನು ಎತ್ತಲಿಲ್ಲ. ಅವನ ಇಮೇಲಿನ ಕೊನೆಯಲ್ಲಿ ಊರ ಹೆಸರಿರುತ್ತಿತ್ತು. ಆ ಸಿಟ್ಟಿನಲ್ಲಿ ಊರಿಗೇ ಬಾಗಿಲು ಹಾಕಿದ್ದಳು. ಮಾರನೆಯ ದಿನ ಪಾತ್ರೆಯವಳು ಬಂದಾಗ ಆ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಂಡಿದ್ದಳು. ಆಮೇಲೆ ಸಿಟ್ಟು ಇಳಿಯಿತು, ಅಪ್ಪಣೆ ಮರೆತುಹೋಯಿತು.

ತಾರೆ ಆ ಮೊದಲ ಇಮೇಲ್ ತೆರೆದಳು. ತಮ್ಮ ಬರೆದಿದ್ದ: "ಅಕ್ಕಾ, ಬಾಗಿನದಲ್ಲಿ ಇಟ್ಟಿರುವುದು ಅವ್ವನ ಧಾರೆ ಸೀರೆ. ಸಾಯುವ ಮುಂಚೆ ನಿನಗೇ ಕೊಡು ಅಂದಿದ್ದಳು. ಜೋಪಾನ."

ಬೀದಿಯವರು ಒಬ್ಬೊಬ್ಬರೇ ಎದ್ದು ಹೋದರು. ಡಬ್ಬಿ ಗೂಡಿನಲ್ಲಿ ಪಳಪಳ ಹೊಳೆಯುತ್ತಿತ್ತು.

ಶಿಷ್ಯ ಕೆನ್ನೆ ಬಡಿದುಕೊಂಡ. "ಶಿವ ಶಿವಾ! ತಾನೇ ಅಗುಳಿ ಹಾಕಿ, ಯಾರೂ ಬರಲಿಲ್ಲ ಎಂದು ಸೊಸೆಯನ್ನು ಬೈದಳಲ್ಲ ಗುರುಗಳೇ! ಇಂಥವರೂ ಇರುತ್ತಾರೆಯೇ?"

ಗುರುಗಳು ಅವನನ್ನೇ ನೋಡಿ ಹೇಳಿದರು: "'ನಮ್ಮಣ್ಣ ಬಂದರೆ ನಾನಿಲ್ಲ ಅಂದುಬಿಡು' ಎಂದು ನೀನು ಬಂದ ದಿನ ಮಠದ ಬಾಗಿಲು ಕಾಯುವವನಿಗೆ ಹೇಳಿದೆಯಲ್ಲ, ಅವನು ಪ್ರತಿ ಅಮಾವಾಸ್ಯೆಗೂ ಹಾಗೆಯೇ ಹೇಳಿ ನಿನ್ನ ಅಣ್ಣನನ್ನು ಹಿಂದೆ ಕಳಿಸುತ್ತಿದ್ದಾನೆ."