ಉಗ್ರಾಣದ ಬಾಗಿಲು

"ಎಲ್ಲರನ್ನೂ ಕೇಳಿ ಮಾಡಿದ ತೀರ್ಮಾನವೂ ತಪ್ಪಾಗಬಹುದೇ?" ಎಂದು ಇಂದುಧರ ಕೇಳಿದ.

ಕೇಳಿದ್ದು ಒಂದು ಶನಿವಾರ, ದೀಪ ಹಚ್ಚುವುದಕ್ಕೆ ಸ್ವಲ್ಪ ಮುಂಚೆ. ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಶಿಷ್ಯನೂ ಎದುರಿಗೆ ಕೂತು ಒಂದು ಹಿಡಿ ಕಾಯಿಯನ್ನು ತನ್ನ ಕಡೆ ಎಳೆದುಕೊಂಡ.

ಹಿಂದೆಲ್ಲ ಶನಿವಾರ ಸಂಜೆ ಗುರುಗಳು ಯಾರಿಗೂ ಸಿಗುತ್ತಿರಲಿಲ್ಲ. ಅವರ ಹೆಂಡತಿ ನೀಲಕ್ಕ ತೀರಿಕೊಂಡ ಮೇಲೆ ಬಂದ ರೂಢಿ ಅದು. ಆ ಹೊತ್ತಿಗೆ ಒಳಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಶಿಷ್ಯರು ಅದನ್ನು ದುಃಖವೆಂದು ತಿಳಿದು, ಬಾಗಿಲು ತಟ್ಟದೆ ಹಿಂದಿರುಗುತ್ತಿದ್ದರು. ಈಗ ಕೆಲವು ವಾರಗಳಿಂದ ಅವರು ಆ ಹೊತ್ತಿನಲ್ಲೂ ಜಗಲಿಯ ಮೇಲೆ ಇರುತ್ತಾರೆಂದು ಯಾರೋ ಹೇಳಿದ್ದರು. ದುಃಖ ಇಳಿಯುತ್ತಾ ಬಂದಿರಬೇಕು ಎಂದುಕೊಂಡು ಇಂದುಧರನಿಗೆ ಸಮಾಧಾನವಾಗಿತ್ತು.

ನೀಲಕ್ಕನೆಂದರೆ ಶಿಷ್ಯರಿಗೆ ಮೊದಲು ನೆನಪಾಗುವುದು ಊಟದ ಸಾಲು. ಬಡಿಸುತ್ತಾ ಬಡಿಸುತ್ತಾ ಆಕೆ ಒಂದು ಒಗಟು ಹಾಕುತ್ತಿದ್ದಳು. ಬಿಡಿಸಿದವನ ಎಲೆಗೆ ಮೊದಲು ತುಪ್ಪ. ಬಿಡಿಸಲಾರದವನಿಗೂ ತುಪ್ಪ ಸಿಗುತ್ತಿತ್ತು, ಆದರೆ ಎಲ್ಲರ ನಗೆಗೆ ಗುರಿಯಾಗಿ ಉಣ್ಣಬೇಕಾಗುತ್ತಿತ್ತು. ಆ ರುಚಿ ಹತ್ತಿಯೇ ಇಂದುಧರ ಮೊಬೈಲಿನಲ್ಲಿ 'ಒಗಟಿನ ಸಂಜೆ' ಎಂಬ ಗುಂಪಿಗೆ ಸೇರಿದ್ದ. ಮೊದಲು ಬರಿಯ ಸದಸ್ಯ. ಈಗ ಗುಂಪನ್ನು ನೋಡಿಕೊಳ್ಳುವ ಅಡ್ಮಿನ್‌ಗಳಲ್ಲಿ ಒಬ್ಬ.

ಯಾವ ತೀರ್ಮಾನ ಎಂದು ಗುರುಗಳು ಕೇಳಿದರು. ಇಂದುಧರ ಮೊದಲಿನಿಂದ ಹೇಳತೊಡಗಿದ.

ಪ್ರತಿ ಶನಿವಾರ ಸಂಜೆ ಬೇರೆ ಬೇರೆ ಊರಿನವರು ಆ ಗುಂಪಿನಲ್ಲಿ ಕೂಡುತ್ತಾರೆ. ಒಬ್ಬರು ಒಗಟು ಬರೆಯುತ್ತಾರೆ, ಉಳಿದವರು ಉತ್ತರ ಬರೆಯುತ್ತಾರೆ. ಸ್ವಂತ ಹೆಸರು ಹೇಳುವಂತಿಲ್ಲ. ಗುಬ್ಬಿ, ಒನಕೆ, ಸೀಗೆಕಾಯಿ ಎಂದು ಎಲ್ಲರೂ ಒಂದೊಂದು ಹೆಸರು ಇಟ್ಟುಕೊಂಡಿರುತ್ತಾರೆ. ನಂಬರೂ ಕಾಣುವುದಿಲ್ಲ. ತಹಶೀಲ್ದಾರನ ಒಗಟನ್ನು ಅವನ ಡ್ರೈವರೇ ಬಿಡಿಸಿ ಗೇಲಿ ಮಾಡಿದರೂ ಇಬ್ಬರಿಗೂ ತಿಳಿಯಬಾರದು ಎಂಬುದು ಉದ್ದೇಶ. ಅಡ್ಮಿನ್‌ಗಳಿಗೆ ಮಾತ್ರ ಸ್ವಂತ ಹೆಸರು. ಯಾವ ಉತ್ತರ ಸರಿ ಎನ್ನುವವರೂ ಅವರೇ, ಗದ್ದಲ ಮಾಡಿದವರನ್ನು ಹೊರಗಿಡುವವರೂ ಅವರೇ. ಗುಂಪನ್ನು ಕಟ್ಟಿದ ಹಿರಿಯ ಅಡ್ಮಿನ್ ಮೊದಲಿಗೆ ಇಷ್ಟು ಅಧಿಕಾರ ಬೇಡವೆಂದೇ ಹೇಳಿದ್ದನಂತೆ. ಯಾರೋ ಕೆಟ್ಟ ಮಾತು ಬರೆದಾಗ, ಉಳಿದವರೇ ಒತ್ತಾಯ ಮಾಡಿ ಕೊಟ್ಟರು.

ಒಂದು ಶನಿವಾರ ಒಬ್ಬರು ಈ ಒಗಟು ಹಾಕಿದರು: ಹಗಲೆಲ್ಲ ಮಡಚಿಕೊಂಡು ಮೂಲೆ ಸೇರುತ್ತದೆ, ರಾತ್ರಿ ಬಿಚ್ಚಿಕೊಂಡು ನಮ್ಮನ್ನು ಕಾಯುತ್ತದೆ. ಗುಬ್ಬಿ ಮೊದಲು ಉತ್ತರ ಬರೆಯಿತು, ಸೊಳ್ಳೆಪರದೆ ಎಂದು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬರು ಕಂಬಳಿ ಎಂದರು. ಹಿರಿಯ ಅಡ್ಮಿನ್ ಕಂಬಳಿಯೇ ಸರಿ ಎಂದು ಹೇಳಿ ಮುಂದಿನ ಒಗಟಿಗೆ ಹೋದ. ಆಗ ಒರಳು ಎಂಬ ಹೆಸರಿನವರು ಕೇಳಿದರು, ಸೊಳ್ಳೆಪರದೆ ಯಾಕೆ ಅಲ್ಲ?

ಒರಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಡುಗೆಮನೆ ಬಲ್ಲ ಅಜ್ಜಿ ಇರಬೇಕೆಂದು ಗುಂಪಿನ ಊಹೆ. ಹಾಕುತ್ತಿದ್ದ ಒಗಟುಗಳೆಲ್ಲ ಒಲೆ, ಸೌಟು, ಉಪ್ಪಿನ ಜಾಡಿಯ ಸುತ್ತಲಿನವು, ಎಲ್ಲೂ ಕೇಳದಂಥವು.

ಆ ಪ್ರಶ್ನೆಗೆ ಉತ್ತರ ಬರಲಿಲ್ಲ. ಮುಂದಿನ ವಾರ ಒರಳು ಮತ್ತೆ ಕೇಳಿತು. ಕಂಬಳಿ ಎಂದವನು ಹಿರಿಯ ಅಡ್ಮಿನ್‌ನ ಭಾವಮೈದುನ ಎಂಬ ಗುಸುಗುಸು ಅಷ್ಟರಲ್ಲಿ ಎದ್ದಿತ್ತು. ಹಿರಿಯನಿಗೆ ಮುಖಭಂಗವಾಯಿತು. ಇದು ಒಗಟಲ್ಲ, ಜಗಳ ಎಂದ ಅವನು. ಹೊರಗಿಡು ಎಂದು ಇಂದುಧರನಿಗೆ ಹೇಳಿದ. ಇಂದುಧರ ಬಟನ್ ಒತ್ತಿದ. ಒರಳು ಹೋಯಿತು, ಅದು ಬರೆದ ಮಾತುಗಳೂ ಹೋದವು.

ಇದು ಮನಸ್ಸಿಗೆ ಚುಚ್ಚಿದ್ದರಿಂದ ಇಂದುಧರನೇ ಮತಕ್ಕೆ ಹಾಕೋಣವೆಂದು ಹಟ ಹಿಡಿದಿದ್ದ. ಒರಳನ್ನು ಹೊರಗಿಟ್ಟದ್ದು ಸರಿಯೇ, ತಪ್ಪೇ ಎಂದು ಗುಂಪಿನಲ್ಲಿ ಎಲ್ಲರನ್ನೂ ಕೇಳಿದರು. ತಪ್ಪು ಎಂದವರು ಒಬ್ಬರೂ ಇಲ್ಲ. ಗುಬ್ಬಿಯೂ ಸರಿ ಎಂದೇ ಒತ್ತಿತ್ತು. ಇವತ್ತಿನ ಕೂಟ ಶುರುವಾದ ಕೂಡಲೇ ಇಂದುಧರ ಅದನ್ನು ಓದಿ ಹೇಳಬೇಕು. ಹೇಳಿದ ಮೇಲೆ ಒರಳು ಎಂದೂ ಒಳಗೆ ಬರುವಂತಿಲ್ಲ, ಅದು ಗುಂಪಿನ ನಿಯಮ.

ಆದರೂ ಏನೋ ಸರಿಯಿಲ್ಲ ಎಂದ ಶಿಷ್ಯ. ಒಗಟು ಬರುತ್ತದೆ, ಉತ್ತರ ಬರುತ್ತದೆ, ಹಿರಿಯ ಸರಿ ಎನ್ನುತ್ತಾನೆ, ಎಲ್ಲರೂ ಚಪ್ಪಾಳೆಯ ಗುರುತು ಹಾಕುತ್ತಾರೆ. ಯಾಕೆ ಎಂದು ಕೇಳುವವರೇ ಇಲ್ಲ. ಒಗಟಿನ ಗುಂಪಿನಲ್ಲಿ ಯಾಕೆ ಎಂಬ ಮಾತೇ ನಿಂತುಹೋಗಿದೆ.

ಗುರುಗಳು ಒಂದು ಕಾಯಿಯನ್ನು ಬೆಳಕಿಗೆ ಹಿಡಿದು ನೋಡಿ, ಹುಳುಕಿಲ್ಲವೆಂದು ಖಾತ್ರಿ ಮಾಡಿಕೊಂಡು ಬಿಡಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನದೊಂದು ದೊಡ್ಡ ಉಗ್ರಾಣ. ಸರಕು ಮಾರಿಹೋದ ಮೇಲೆ ಅದು ಖಾಲಿ ಬೀಳುತ್ತಿತ್ತು. ಪೇಟೆಯ ಜನ ಬಂದು, ಸಂಜೆ ಹೊತ್ತು ಅಲ್ಲಿ ಕೂತು ಹಾಡಿಕೊಳ್ಳುತ್ತೇವೆ ಎಂದು ಕೇಳಿದರು. ವ್ಯಾಪಾರಿ ಒಪ್ಪಿದ. ನೆಲ ಹೊಲಸಾಗಬಾರದು, ಕೆರ ಬಿಟ್ಟು ಒಳಗೆ ಬನ್ನಿ ಎಂದಷ್ಟೇ ಹೇಳಿದ.

ಕೆಲವು ದಿನ ಚೆನ್ನಾಗಿ ನಡೆಯಿತು. ಒಂದು ಸಂಜೆ ಕುಡುಕನೊಬ್ಬ ನುಗ್ಗಿ ರಂಪ ಮಾಡಿದ. ಜನರೇ ಹೋಗಿ, ಬಾಗಿಲಿಗೊಬ್ಬನನ್ನು ಇಡು ಎಂದು ವ್ಯಾಪಾರಿಯನ್ನು ಕೇಳಿಕೊಂಡರು. ವ್ಯಾಪಾರಿ ಒಬ್ಬ ಕಾವಲುಗಾರನನ್ನು ಇಟ್ಟ. ಒಳ್ಳೆಯ ಮನುಷ್ಯ. ಸಂಜೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ, ಎಲ್ಲರೂ ಹೋದ ಮೇಲೆ ಗುಡಿಸಿ ಹೋಗುತ್ತಿದ್ದ. ಕುಡುಕ ಮತ್ತೆ ಬಂದಾಗ ರಟ್ಟೆ ಹಿಡಿದು ಹೊರಗೆ ಹಾಕಿದ. ಜನ ಹೊಗಳಿದರು. ಆಮೇಲೆ ಹಾಡಿನ ನಡುವೆ ಕೆಮ್ಮಿದವನನ್ನು ಹಾಕಿದ. ಪಾಪ ಎನಿಸಿದರೂ ಹಾಡು ಕೇಳಿಸಿತಲ್ಲ ಎಂದು ಜನ ಸುಮ್ಮನಾದರು.

ಕಾವಲುಗಾರ ಹೊಸ್ತಿಲ ಮೇಲೆ ನಿಲ್ಲುವವನು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಹಾಗಾಗಿ ಅವನು ಕೆರ ಬಿಡುತ್ತಿರಲಿಲ್ಲ. ಬರಬರುತ್ತಾ ಎರಡೂ ಕಾಲು ಒಳಗೆ ಬಂದವು, ಕೆರವೂ ಬಂತು. ಒಬ್ಬ ಕುಂಬಾರ ಅದನ್ನು ನೋಡಿದ.

"ಅಣ್ಣಾ, ನಿನ್ನ ಕಾಲಿಗೆ ಮಾತ್ರ ಧೂಳು ಹತ್ತುವುದಿಲ್ಲವೋ?" ಎಂದು ಕೇಳಿದ.

ಎಲ್ಲರೂ ನಕ್ಕರು. ಕಾವಲುಗಾರನೂ ನಕ್ಕ. ಮರುದಿನ ಕುಂಬಾರ ಬಂದಾಗ ಬಾಗಿಲಿಗೆ ಕೈ ಅಡ್ಡ ಇಟ್ಟು, ಇದು ಹಾಡುವ ಜಾಗ, ಹಾಸ್ಯ ಮಾಡುವ ಜಾಗವಲ್ಲ ಎಂದ. ಕುಂಬಾರನ ಪರವಾಗಿ ಒಬ್ಬ ಎದ್ದು ನಿಂತ. ಅವನೂ ಹೊರಗೆ ಹೋದ. ಆಮೇಲೆ ಯಾರೂ ಏಳಲಿಲ್ಲ. ಕಾವಲುಗಾರನ ಕಾಲನ್ನು ಯಾರೂ ನೋಡಲೂ ಇಲ್ಲ.

ಈ ಸುದ್ದಿ ಹೇಗೋ ವ್ಯಾಪಾರಿಯ ಕಿವಿಗೆ ಬಿತ್ತು. ಅವನು ನ್ಯಾಯವಂತ. ಒಂದು ಮಾತು ಕೇಳಿ ಆಳನ್ನು ಬಿಡಿಸುವವನೂ ಅಲ್ಲ, ಕೇಳದೆ ಇಟ್ಟುಕೊಳ್ಳುವವನೂ ಅಲ್ಲ. ತಾನೇ ಬಂದು ಕಾವಲುಗಾರನನ್ನು ವಿಚಾರಿಸಿದ. ನನ್ನ ಮಾತು ಯಾಕೆ ಒಡೆಯಾ, ಅವರನ್ನೇ ಕೇಳಿ ಎಂದ ಕಾವಲುಗಾರ. ಅವನು ಸುಳ್ಳಾಡಲಿಲ್ಲ. ತನ್ನ ಮೇಲೆ ಯಾರಿಗೂ ದೂರಿಲ್ಲ ಎಂದೇ ಅವನು ನಂಬಿದ್ದ.

ವ್ಯಾಪಾರಿ ಕೆರ ಬಿಟ್ಟು ಒಳಗೆ ಹೋದ. ಕಾವಲುಗಾರನನ್ನು ದೂರ ನಿಲ್ಲಿಸಿ, ಕೂತವರ ಪಕ್ಕ ಕೂತು, ಒಬ್ಬೊಬ್ಬರನ್ನೂ ಮೆಲ್ಲಗೆ ಕೇಳಿದ. ಈ ಕಾವಲುಗಾರನ ಮೇಲೆ ದೂರಿದೆಯೇ? ಇಲ್ಲ ಎಂದರು. ಎಲ್ಲರೂ ಇಲ್ಲ ಎಂದರು. ವ್ಯಾಪಾರಿಗೆ ಸಂತೋಷವಾಯಿತು.

ಹೊರಗೆ ಬಂದು ಕೆರ ಮೆಟ್ಟುವಾಗ ನೋಡುತ್ತಾನೆ, ಗೋಡೆಯ ಪಕ್ಕ ಕತ್ತಲಲ್ಲಿ ಒಂದಿಷ್ಟು ಜನ ಕೂತಿದ್ದಾರೆ. ಗೋಡೆಗೆ ಕಿವಿ ಕೊಟ್ಟು, ಒಳಗಿನ ಹಾಡು ಕೇಳುತ್ತಿದ್ದಾರೆ. ಒಬ್ಬನ ತುಟಿ ಹಾಡಿನ ಜೊತೆ ಆಡುತ್ತಿತ್ತು.

"ಇವರು ಯಾರು?" ಎಂದು ವ್ಯಾಪಾರಿ ಕೇಳಿದ.

"ಹೊರಗಿನವರು" ಎಂದ ಕಾವಲುಗಾರ.

ವ್ಯಾಪಾರಿ ತಲೆಯಾಡಿಸಿ ಮನೆಗೆ ಹೋದ.

ಗುರುಗಳು ಇಷ್ಟು ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಕತೆ ಇನ್ನೂ ಇದೆಯೆಂದು ಇಂದುಧರ ಕಾದ. ಇರಲಿಲ್ಲ.

ಅವನಿಗೆ ನಗು ಬಂತು. ವ್ಯಾಪಾರಿ ಪೆದ್ದ ಎಂದ. ಪೇಟೆಯ ಲೆಕ್ಕಾಚಾರವೆಲ್ಲ ಬಲ್ಲವನಿಗೆ, ಕಾಲ ಬುಡದಲ್ಲೇ ಕೂತವರನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲವಲ್ಲ ಎಂದ. ಹೊರಗೆ ಹಾಕಿಸಿಕೊಂಡವರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದರೆ ಇನ್ನೇನು ಉತ್ತರ ಬರುತ್ತದೆ ಎಂದೂ ಅಂದ.

ಅಂದವನ ಕೈ ಕಾಯಿಯ ಮೇಲೆ ನಿಂತಿತು.

ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲ್ ಅದುರಿತು. ಹಿರಿಯ ಅಡ್ಮಿನ್ ಬರೆದಿದ್ದ, ಎಲ್ಲರೂ ಸೇರಿದ್ದಾರೆ, ಓದಿ ಮುಗಿಸಿಬಿಡು. ಇಂದುಧರ ಅದನ್ನು ನೋಡಿದ. ಗುಬ್ಬಿ ಬಂದಿತ್ತು, ಒನಕೆ ಬಂದಿತ್ತು, ಸೀಗೆಕಾಯಿ ಬಂದಿತ್ತು. ಮತ ಹಾಕಿದವರೆಲ್ಲ ಇದ್ದರು. ಅವನು ಮೊಬೈಲನ್ನು ಮಗುಚಿ ಜಗಲಿಯ ಮೇಲೆ ಇಟ್ಟ.

ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದ. ಆಮೇಲೆ, ಮೊದಲಿನ ಕುತೂಹಲವೇ ಮರಳಿ ಬಂದಂತೆ, ತಲೆಯೆತ್ತಿ ಕೇಳಿದ.

"ಕೇಳಬೇಕಿತ್ತು, ಒಪ್ಪಿದೆ. ಆದರೆ ವ್ಯಾಪಾರಿಗೆ ಅವರು ಕಣ್ಣೆದುರಿಗೇ ಇದ್ದರು. ಒರಳು ಯಾರೋ, ಯಾವ ಊರೋ, ನಮಗೆ ಯಾರಿಗೂ ಗೊತ್ತಿಲ್ಲ. ಹೊರಗೆ ಅಂದರೆ ಎಲ್ಲಿ ಅಂತ ಹುಡುಕಲಿ ಗುರುಗಳೇ?"

ಗುರುಗಳು ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದುಕೊಂಡು ಎದ್ದರು.

"ನೀಲಳ ಒಗಟುಗಳು ಇನ್ನೂ ಬಹಳ ಉಳಿದಿವೆ ಇಂದುಧರ, ಶನಿವಾರ ಸಂಜೆ ಅವನ್ನು ಹಾಕುವುದಕ್ಕೆ ನನಗೆ ಜಾಗವಿಲ್ಲ."